ವಿಶಾಲ ದೇಶ, ಒಂಬತ್ತಂಕಿ ನಂಬರ್

ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಮೊನ್ನೆ ಆ ವಿಷಯವನ್ನು ಸರ್ಕಾರಕ್ಕೂ ತಿಳಿಸಿ ಬರೋಣ ಅಂತ ಹೋಗಿದ್ದೆ. ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ. ಹೋಗಿ ನೋಡಿ ಬರಬೇಕೆಂದರೆ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಬೇಕಂತೆ. ಇಷ್ಟು ದಿನ ನಮ್ಮ ಜಗಳ ಕೇಳಿಸಿಕೊಂಡ ಅಕ್ಕಪಕ್ಕದವರೇ ಸಾಕ್ಷಿ ಅಂದುಕೊಂಡಿದ್ದೆ. ಸಾಲದಂತೆ.

ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ. ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ. ಹತ್ತಾರು ಇಲಾಖೆಗಳು ಒಂದೇ ಸೂರಿನಡಿ ಇರುವ ಒಂದು ಸರ್ಕಾರಿ ಕಟ್ಟಡ ಅಂದುಕೊಳ್ಳಿ. ಸರ್ವರ್ ಡೌನ್ ಇತ್ತು. ಬೆಂಚಿನ ಮೇಲೆ ಕೂತೆ. ಎದುರಿಗೆ ಒಂದು ಬೋರ್ಡು. ಅರ್ಧ ಬೋರ್ಡು ಅನ್ನಬೇಕು, ಇನ್ನರ್ಧ ನೀರಿನ ಕ್ಯಾನಿನ ಹಿಂದಿತ್ತು. ಕಾಣುತ್ತಿದ್ದ ಭಾಗದಲ್ಲಿ ‘...ರಿಕ ದೂರು ಸಮಿತಿ (ಐಸಿಸಿ)’ ಅಂತ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ನಿಧಾನವಾಗಿ ಓದಿ, “ಇದು ಕ್ರಿಕೆಟ್‌ನೋರದಾ ಸ್ವಾಮಿ?” ಅಂದರು. ಅವರ ತಪ್ಪಲ್ಲ. ಈ ದೇಶದಲ್ಲಿ ಯಾವ ಐಸಿಸಿ ಹೇಳಿದ ಮಾತು ನಡೆಯುತ್ತದೆ ಅಂತ ಅವರಿಗೆ ಗೊತ್ತು. ಇದು ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ. ಅಂದಹಾಗೆ, 2016ರಲ್ಲೇ ಇದರ ಕಾಯ್ದೆಯಿಂದ ‘ದೂರು’ ಅನ್ನುವ ಪದವನ್ನು ತೆಗೆದು ಬರೀ ‘ಆಂತರಿಕ ಸಮಿತಿ’ ಅಂತ ಮಾಡಿದ್ದಾರೆ. ಅದು ಬೋರ್ಡು ಬರೆಯುವವನಿಗೆ ಇನ್ನೂ ತಲುಪಿಲ್ಲ. ದೂರು ಇಲ್ಲದ ಸಮಿತಿ! ಹೆಸರಾದರೂ ವಾಸ್ತವಕ್ಕೆ ಹತ್ತಿರ ಬಂತು ಬಿಡಿ.

ಸರ್ವರ್ ಬರುವ ಲಕ್ಷಣ ಕಾಣದೆ, ಎದ್ದು ಹೋಗಿ ಕ್ಯಾನಿನ ಹಿಂದೆ ಇಣುಕಿದೆ. ಅಧ್ಯಕ್ಷೆಯ ಹೆಸರಿನ ಮುಂದೆ ಫೋನ್ ನಂಬರಿನ ಜಾಗ ಖಾಲಿ. ಒಬ್ಬ ಸದಸ್ಯೆಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ‘ವರ್ಗಾವಣೆ’ ಅಂತ ಬರೆದಿದ್ದರು. ಇನ್ನೊಬ್ಬ ಸದಸ್ಯರ ಹೆಸರು ‘ಖಾಲಿ ಇದೆ’. ಕೊನೆಯ ಸಾಲು ಹೊರಗಿನ ಸದಸ್ಯರದ್ದು. ‘ಸ್ವಯಂಸೇವಾ ಸಂಸ್ಥೆ’ ಅಂತಷ್ಟೇ ಇತ್ತು, ಪಕ್ಕದಲ್ಲೊಂದು ಮೊಬೈಲ್ ನಂಬರ್. ಇಡೀ ಬೋರ್ಡಿಗೆ ಅದೊಂದೇ ನಂಬರು. ಎಣಿಸಿದೆ. ಒಂಬತ್ತು ಅಂಕಿ. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಒಂಬತ್ತೇ.

ಈ ಬೋರ್ಡಿನ ಅಜ್ಜಿ ನ್ಯೂಯಾರ್ಕಿನಲ್ಲಿದ್ದಾಳೆ ಅಂದರೆ ನಂಬುತ್ತೀರಾ? 1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಹೆಂಗಸರ ಮೇಲಿನ ಎಲ್ಲ ಬಗೆಯ ತಾರತಮ್ಯ ತೊಡೆಯುವ ಒಪ್ಪಂದವೊಂದನ್ನು ಒಪ್ಪಿಕೊಂಡಿತು. ಚಿಕ್ಕದಾಗಿ ಸೀಡಾ ಅಂತಾರೆ. ಸೋಡಾ ಅಂತ ಓದಿಕೊಂಡರೂ ಅಂಥ ತಪ್ಪೇನಿಲ್ಲ. ಮುಚ್ಚಳ ತೆಗೆಯುವಾಗಿನ ಸದ್ದು ಎರಡರದ್ದೂ ಜೋರು.

ಇಂಥ ಒಪ್ಪಂದಗಳಲ್ಲಿ ಎರಡು ಶಾಸ್ತ್ರ ಇರುತ್ತವೆ. ಮೊದಲು ಸಹಿ, ಅದು ನಿಶ್ಚಿತಾರ್ಥ. ಆಮೇಲೆ ಅನುಮೋದನೆ, ಅದು ಧಾರೆ. ನಮ್ಮ ದೇಶದ ನಿಶ್ಚಿತಾರ್ಥ 1980ರ ಜುಲೈ 30ರಂದು ಆಯಿತು. ಧಾರೆ 1993ರಲ್ಲಿ. ಮಧ್ಯೆ ಹದಿಮೂರು ವರ್ಷ ಹುಡುಗಿ ಕಡೆಯವರು ಕಾದರು. ಬೇಜಾರು ಮಾಡಿಕೊಳ್ಳಬೇಡಿ, ನಮಗಿಂತ ಹದಿಮೂರು ದಿನ ಮೊದಲೇ, ಜುಲೈ 17ಕ್ಕೆ ನಿಶ್ಚಿತಾರ್ಥ ಮಾಡಿಕೊಂಡ ಅಮೆರಿಕ ಇವತ್ತಿಗೂ ಹಸೆಮಣೆ ಏರಿಲ್ಲ. ಅಲ್ಲಿನ ಸೆನೆಟ್ಟಿನಲ್ಲಿ ಇನ್ನೂ ಜಾತಕ ನೋಡುತ್ತಲೇ ಇದ್ದಾರೆ. ಅಲ್ಲಿಂದಲೇ ಬಾಕಿ ದೇಶಗಳಿಗೆ ಸಂಸಾರ ಹೇಗೆ ಮಾಡಬೇಕು ಅಂತ ಬುದ್ಧಿ ಹೇಳುವ ಪದ್ಧತಿಯೂ ಇದೆ.

ಟರ್ಕಿಯದ್ದು ಇನ್ನೊಂದು ಥರ. ಹೆಂಗಸರ ಮೇಲಿನ ಹಿಂಸೆ ತಡೆಯಲು ಯೂರೋಪಿನವರು 2011ರಲ್ಲಿ ಒಂದು ಒಪ್ಪಂದ ಮಾಡಿದರು. ಸಹಿಗೆ ಇಟ್ಟಿದ್ದು ಇಸ್ತಾಂಬುಲ್‌ನಲ್ಲಿ. ಹಾಗಾಗಿ ಅದರ ಹೆಸರೇ ಇಸ್ತಾಂಬುಲ್ ಒಪ್ಪಂದ. ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೂ ಟರ್ಕಿಯೇ. ಹತ್ತು ವರ್ಷ ಆಗುವಷ್ಟರಲ್ಲಿ, 2021ರ ಮಾರ್ಚ್ 20ರಂದು, ಅಧ್ಯಕ್ಷರ ಒಂದು ಆದೇಶ ಗೆಜೆಟ್ಟಿನಲ್ಲಿ ಬಂತು. ನಾವು ಇದರಲ್ಲಿಲ್ಲ, ಅಷ್ಟೇ. ಜುಲೈ 1ಕ್ಕೆ ಹೊರಗೆ. ತನ್ನದೇ ಊರಿನ ಹೆಸರಿರುವ ಛತ್ರದಿಂದ ಮನೆಯ ಯಜಮಾನನೇ ಊಟ ಬಿಟ್ಟು ಎದ್ದು ಹೋದ ಹಾಗೆ. ಬಾಕಿಯವರು ಈಗಲೂ ಇಸ್ತಾಂಬುಲ್ ಇಸ್ತಾಂಬುಲ್ ಅಂತಲೇ ಕರೆಯುತ್ತಿದ್ದಾರೆ, ಟರ್ಕಿ ಒಂದು ಬಿಟ್ಟು.

ನಾವು ಹಾಗೆಲ್ಲ ಎದ್ದು ಹೋಗುವವರಲ್ಲ. ಮರ್ಯಾದಸ್ಥರು. ಪಂಕ್ತಿಯಲ್ಲಿ ಕೂತೇ ಎಲೆಯ ತುದಿಗೆ ಪಲ್ಯ ಸರಿಸುವವರು. ಧಾರೆಯ ಹೊತ್ತಿನಲ್ಲಿ ನಮ್ಮ ಸರ್ಕಾರ ಒಂದಷ್ಟು ಕರಾರು ಓದಿತು. ಹೆಂಗಸರ ಬಗ್ಗೆ ಇರುವ ಹಳೆಯ ತಪ್ಪು ಭಾವನೆ, ಕಟ್ಟುಪಾಡುಗಳನ್ನು ಬದಲಾಯಿಸಬೇಕು ಅನ್ನುವ 5(ಎ) ವಿಧಿ, ಮದುವೆಯಲ್ಲಿ ಸಂಸಾರದಲ್ಲಿ ಇಬ್ಬರೂ ಸಮ ಅನ್ನುವ 16(1) ವಿಧಿ, ಇವೆರಡನ್ನೂ ಪಾಲಿಸುತ್ತೇವೆ. ಆದರೆ ಯಾವುದೇ ಸಮುದಾಯದ ಸ್ವಂತ ವಿಷಯದಲ್ಲಿ, ಅದು ತಾನಾಗಿ ಮುಂದೆ ಬಂದು ಒಪ್ಪದ ಹೊರತು, ತಲೆ ಹಾಕುವುದಿಲ್ಲ.

ಎಷ್ಟು ಸೌಜನ್ಯ ನೋಡಿ! ತಾರತಮ್ಯ ಎಲ್ಲೆಲ್ಲೂ ತೊಲಗಲಿ, ಅದು ಹುಟ್ಟುವ ಮನೆಯೊಂದನ್ನು ಬಿಟ್ಟು. ಮನೆಗೆ ಹೋಗಬೇಕಾದರೆ ಸಮುದಾಯ ಕರೆಯಬೇಕು. ಸಮುದಾಯ ಅಂದರೆ ಯಾರು? ನೀವೂ ಸಮುದಾಯದ ಸಭೆಗಳಿಗೆ ಹೋಗಿದ್ದೀರಿ. ವೇದಿಕೆ ಮೇಲೆ ಶಾಲು ಹೊದ್ದ ಒಂಬತ್ತು ಜನ, ಒಂಬತ್ತೂ ಮೀಸೆ. ಪ್ರಾರ್ಥನೆ ಹಾಡಲು ಇಬ್ಬರು ಹುಡುಗಿಯರು, ಹಾಡಿ ಇಳಿದರು. ಹಿಂದುಗಡೆ ಕಾಫಿ ಸೋಸುವ ಕಡೆ ಉಳಿದವರು. ಈ ಸಮುದಾಯ ಒಂದು ದಿನ ಎದ್ದು ನಿಂತು, ದಯವಿಟ್ಟು ನಮ್ಮ ಯಜಮಾನಿಕೆ ಕಿತ್ತುಕೊಳ್ಳಿ ಅಂತ ದೆಹಲಿಗೆ ಅರ್ಜಿ ಬರೆಯುತ್ತದೆ. ಆಗ ಸರ್ಕಾರ ಪರಿಶೀಲಿಸುತ್ತದೆ. ಮೂವತ್ತು ವರ್ಷ ದಾಟಿತು, ಟಪಾಲು ನೋಡುತ್ತಲೇ ಇದ್ದಾರೆ.

ನನ್ನ ವಿಷಯಕ್ಕೆ ಬರುವುದು 16(2). ಮದುವೆಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಅನ್ನುತ್ತದೆ ಅದು. ನಮ್ಮ ಸರ್ಕಾರ ಅದಕ್ಕೆ ಕೊಟ್ಟ ಉತ್ತರದ ತಾತ್ಪರ್ಯ: ತತ್ವಕ್ಕೆ ನಮ್ಮ ಪೂರ್ತಿ ಬೆಂಬಲ ಇದೆ, ಆದರೆ ಭಾರತದಂಥ ವಿಶಾಲ ದೇಶದಲ್ಲಿ, ಇಷ್ಟೊಂದು ಪದ್ಧತಿ, ಧರ್ಮ, ಸಾಕ್ಷರತೆಯ ಮಟ್ಟ ಇರುವಾಗ, ಅದು ಕಾರ್ಯಸಾಧ್ಯವಲ್ಲ.

ಈ ವಿಶಾಲ ದೇಶದಲ್ಲಿ ಕಾಡಿನ ನಡುವಿನ ಒಬ್ಬ ಮತದಾರನಿಗೂ ಮತಗಟ್ಟೆ ಹಾಕುತ್ತಾರೆ. ನೂರು ಕೋಟಿಗೂ ಜಾಸ್ತಿ ಜನರ ಹೆಬ್ಬೆಟ್ಟು, ಕಣ್ಣುಪಾಪೆ ತೆಗೆದುಕೊಂಡು ಆಧಾರ್ ಕೊಟ್ಟರು. ಮದುವೆ ಬರೆದುಕೊಳ್ಳುವುದು ಮಾತ್ರ ಆಗದ ಕೆಲಸ. ಇದರಲ್ಲಿ ನಮ್ಮ ರಾಜ್ಯದ ಮಾನ ಬೇರೆ ಹೋಯಿತು. ಮದುವೆ ನೋಂದಣಿಗೆ ಕರ್ನಾಟಕದ್ದು 1976ರ ಕಾಯ್ದೆ. ಮುಂಬೈನವರದ್ದು ಇನ್ನೂ ಹಳೆಯದು, 1953ರದ್ದು. ದೆಹಲಿಯವರು ನ್ಯೂಯಾರ್ಕಿಗೆ ಹೋಗಿ ಆಗಲ್ಲ ಅನ್ನುವ ಹೊತ್ತಿಗೆ ನಮ್ಮಲ್ಲಿ ಕಾಯ್ದೆ ಪುಸ್ತಕದಲ್ಲಿತ್ತು. ಕೊನೆಗೆ 2006ರಲ್ಲಿ ಸುಪ್ರೀಂ ಕೋರ್ಟು, ಎಲ್ಲ ಧರ್ಮದವರ ಮದುವೆಯನ್ನೂ ಕಡ್ಡಾಯವಾಗಿ ನೋಂದಾಯಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಬಾಲ್ಯವಿವಾಹ, ಎರಡನೇ ಮದುವೆ, ಬಿಟ್ಟುಹೋದ ಗಂಡ, ಎಲ್ಲದರಲ್ಲೂ ಹೆಂಗಸಿನ ಕೈಯಲ್ಲಿ ಒಂದು ಕಾಗದ ಇರಲಿ ಅನ್ನುವುದು ಉದ್ದೇಶ. ನ್ಯೂಯಾರ್ಕಿನಲ್ಲಿ ಓದಿದ ಕರಾರು ಮಾತ್ರ ಹಾಗೇ ಇದೆ. ಕೂತು ಎರಡು ಗಂಟೆ ಆದ ಮೇಲೆ ನನಗೂ ಸರ್ಕಾರದ ಮಾತು ನಿಜ ಅನ್ನಿಸಿತು.

ಕೌಂಟರಿನ ಮೇಡಂ ಕರೆದರು. ನಮ್ಮ ಲಗ್ನಪತ್ರಿಕೆ ಅವರ ಕೈಯಲ್ಲಿತ್ತು. ಅರಿಶಿನ ಹಚ್ಚಿದ ಮೂಲೆಯನ್ನು ಎಂದೋ ಜಿರಲೆ ತಿಂದಿತ್ತು. “ಎರಡು ಡೇಟ್ ಇದೆಯಲ್ಲ ಸಾರ್, ಯಾವುದು ಹಾಕಲಿ?”

“ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ದಿನ ಮುಹೂರ್ತ ಮೇಡಂ. ಮುಹೂರ್ತದ್ದೇ ಹಾಕಿ.”

“ಸಾಹೇಬರನ್ನು ಕೇಳಬೇಕು.”

ಕೇಳಲಿ. ಆದರೆ ಸೀಡಾ ಜೊತೆಗಿನ ನಮ್ಮ ಸರ್ಕಾರದ ಮದುವೆಗೂ ಎರಡು ಡೇಟ್ ಇದೆ ಅಂತ ಸಾಹೇಬರಿಗೆ ಯಾರು ಹೇಳುತ್ತಾರೆ? ವಿಶ್ವಸಂಸ್ಥೆಯ ಪುಸ್ತಕದಲ್ಲಿ 1993ರ ಜುಲೈ 9. ನಮ್ಮ ಸಂಸತ್ತು 2013ರಲ್ಲಿ ಮಾಡಿದ ಕಾಯ್ದೆಯ ಪೀಠಿಕೆಯಲ್ಲಿ 1993ರ ಜೂನ್ 25. ಕಾಗದ ಇಲ್ಲಿಂದ ಹೊರಟು ಅಲ್ಲಿ ಮುಟ್ಟಲು ಎರಡು ವಾರ ಬೇಕಲ್ವಾ, ಇರಲಿ ಬಿಡಿ. ಮದುವೆ ನೋಂದಣಿ ನಮ್ಮಿಂದಾಗಲ್ಲ ಅಂದವರು ತಮ್ಮದರಲ್ಲೂ ನುಡಿದಂತೆ ನಡೆದಿದ್ದಾರೆ.

ಆ 2013ರ ಕಾಯ್ದೆಯೇ ನೀರಿನ ಕ್ಯಾನಿನ ಹಿಂದಿನ ಬೋರ್ಡಿನ ತಾಯಿ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ. ಅದರ ಕಥೆಯನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ.

ರಾಜಸ್ಥಾನದ ಭಟೇರಿ ಎಂಬ ಹಳ್ಳಿ. ಭಂವರಿ ದೇವಿ ಅಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ‘ಸಾಥಿನ್’, ಅಂದರೆ ಮನೆಮನೆಗೆ ಹೋಗಿ ಹೇಳುವ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯುವುದು ಆಕೆಯ ಡ್ಯೂಟಿ. 1992ರಲ್ಲಿ, ವರ್ಷವೂ ತುಂಬದ ಒಂದು ಕೂಸಿನ ಮದುವೆ ತಡೆಯಲು ಹೋದರು. ಆ ಸೇಡಿಗೆ ಸೆಪ್ಟೆಂಬರಿನಲ್ಲಿ, ಹೊಲದಲ್ಲಿ, ಗಂಡನ ಎದುರಿಗೇ ಆಕೆಯ ಮೇಲೆ ಗುಂಪು ಅತ್ಯಾಚಾರ ಆಯಿತು ಅನ್ನುವುದು ಆಕೆ ಕೊಟ್ಟ ದೂರು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟುತ್ತಾರೆಯೇ ಎಂಬ ಧಾಟಿಯ ತರ್ಕ. ಅದೇ ವರ್ಷ ನಮ್ಮ ನಿಯೋಗ ಬೀಜಿಂಗಿನ ವಿಶ್ವ ಮಹಿಳಾ ಸಮ್ಮೇಳನದಲ್ಲಿ ಕೂತು, ಹೆಂಗಸರ ಹಕ್ಕು ಕಾಪಾಡುತ್ತೇವೆ ಅಂತ ಮಾತು ಕೊಟ್ಟು ಬಂದಿತ್ತು.

ಮಹಿಳಾ ಸಂಘಟನೆಗಳು ‘ವಿಶಾಖಾ’ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. ಕೆಲಸದ ಜಾಗದಲ್ಲಿ ಹೆಂಗಸರಿಗೆ ರಕ್ಷಣೆ ಕೊಡುವ ಕಾನೂನು ಹುಡುಕಿದರೆ ದೇಶದಲ್ಲಿ ಒಂದೂ ಇರಲಿಲ್ಲ. ನ್ಯಾಯಮೂರ್ತಿಗಳು ಸೀಡಾ ತೆರೆದರು. ನಮ್ಮಲ್ಲಿ ಕಾನೂನು ಇಲ್ಲದಾಗ, ಮೂಲಭೂತ ಹಕ್ಕುಗಳಿಗೆ ವಿರುದ್ಧವಲ್ಲದ ಒಪ್ಪಂದವನ್ನು ನಮ್ಮ ಸಂವಿಧಾನದ ಜೊತೆ ಸೇರಿಸಿ ಓದಬಹುದು ಅಂದರು. ಸರ್ಕಾರ ಮರ್ಯಾದೆಗೆ ಅಂತ ಮಾಡಿದ್ದ ಸಹಿಯನ್ನು ಕೋರ್ಟು ನಿಜವಾದ ಸಹಿ ಅಂದುಕೊಂಡಿತು. 1997ರ ಆಗಸ್ಟ್ 13ರಂದು ಮಾರ್ಗಸೂಚಿ ಬಂತು. ಸಂಸತ್ತು ಕಾಯ್ದೆ ಮಾಡುವವರೆಗೆ ಇದೇ ಕಾನೂನು ಅಂದರು. ಸಂಸತ್ತು ಹದಿನಾರು ವರ್ಷ ತೆಗೆದುಕೊಂಡಿತು.

ಭಂವರಿ ದೇವಿಯವರ ಕೇಸಿಗೆ ಇದರಿಂದ ಏನೂ ಆಗಲಿಲ್ಲ. ಮೇಲ್ಮನವಿ ಹೈಕೋರ್ಟಿನಲ್ಲಿತ್ತು. ಘಟನೆಯಾಗಿ ಹದಿನೈದು ವರ್ಷ ಕಳೆದ ಮೇಲೂ ಒಂದೇ ಒಂದು ಸಲ ವಿಚಾರಣೆಯಾಗಿದೆ, ಆರೋಪಿಗಳಲ್ಲಿ ಇಬ್ಬರು ತೀರಿಕೊಂಡಿದ್ದಾರೆ ಅಂತ 2007ರಲ್ಲಿ ಪತ್ರಿಕೆಗಳು ಬರೆದವು. ಹವಾನಿಯಂತ್ರಿತ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಸ್ಲೈಡ್ ತೋರಿಸಿ ಕೊಡುವ ತರಬೇತಿಯಲ್ಲಿ, ಎರಡನೇ ಸ್ಲೈಡಿನಲ್ಲಿ, ಆಕೆಯ ಕಥೆ ಬರುತ್ತದೆ. ಮೂವತ್ತು ಸೆಕೆಂಡು. ಮುಂದಿನ ಸ್ಲೈಡು ಆ್ಯನಿಮೇಷನ್.

ಕಾಯ್ದೆ ಚೆನ್ನಾಗಿದೆ, ಇಲ್ಲ ಅನ್ನಬಾರದು. ಹತ್ತು ಜನರಿಗಿಂತ ಕಡಿಮೆ ಇಲ್ಲದ ಕಡೆಯೆಲ್ಲ ಸಮಿತಿ ಇರಬೇಕು, ಹಿರಿಯ ಮಹಿಳೆಯೇ ಅಧ್ಯಕ್ಷೆ, ಹೊರಗಿನವರೊಬ್ಬರು ಇರಬೇಕು, 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ನನಗೆ ಇಷ್ಟವಾದದ್ದು ನಿಯಮಾವಳಿ. ದೂರು ಕೊಡುವವಳು ಆರು ಪ್ರತಿ ಕೊಡಬೇಕು. ಆರು! ಜೊತೆಗೆ ದಾಖಲೆ, ಸಾಕ್ಷಿಗಳ ಹೆಸರು, ವಿಳಾಸ. ಸಾಹೇಬರು ಭುಜದ ಮೇಲೆ ಕೈಯಿಟ್ಟಿದ್ದನ್ನು ಯಾರಿಗೆ ಹೇಳಲಿ ಅಂತ ವಾರವೆಲ್ಲ ನಿದ್ದೆಗೆಟ್ಟವಳು, ಕೊನೆಗೆ ಧೈರ್ಯ ಮಾಡಿ ಬರೆದು, ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕ್ಯೂ ನಿಲ್ಲಬೇಕು. ಹುಡುಗ ಮಷಿನ್ನಿನ ಮುಚ್ಚಳ ಎತ್ತಿ, ಹಾಳೆ ನೋಡಿ, ಅವಳ ಮುಖ ನೋಡಿ, “ಎರಡು ಕಡೆನಾ ಮೇಡಂ, ಒಂದೇ ಕಡೆನಾ?” ಅನ್ನುತ್ತಾನೆ. ಆಮೇಲೆ ಸಮಿತಿ ಇದನ್ನು ಗುಟ್ಟಾಗಿ ಇಡುತ್ತದೆ, ಕಾಯ್ದೆಯೇ ಹೇಳಿದೆ.

ಮನೆಗೆಲಸದವರು, ಹತ್ತು ಜನರಿಲ್ಲದ ಅಂಗಡಿಯವರು, ಭಂವರಿ ದೇವಿಯಂಥವರು ಎಲ್ಲಿ ಹೋಗಬೇಕು? ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಅಂತ ಇದೆ. ಅದು ಯಾವ ಬಾಗಿಲು ಅಂತ ನಿಮ್ಮ ಜಿಲ್ಲೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. 2024ರ ಡಿಸೆಂಬರಿನಲ್ಲೂ ಸುಪ್ರೀಂ ಕೋರ್ಟು, ಮೊದಲು ಪ್ರತಿ ಜಿಲ್ಲೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿ ಅಂತ ಗಡುವು ಕೊಡಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷ ಆಗಿತ್ತು. ಅದಕ್ಕೂ ಮೊದಲು 2023ರಲ್ಲಿ ಕುಸ್ತಿ ಹುಡುಗಿಯರು ಜಂತರ್ ಮಂತರ್‌ನಲ್ಲಿ ಕೂತಿದ್ದರಲ್ಲ, ಆಗ ಲೆಕ್ಕ ತೆಗೆದರೆ 30 ಕ್ರೀಡಾ ಫೆಡರೇಷನ್‌ಗಳಲ್ಲಿ 16ಕ್ಕೆ ಸರಿಯಾದ ಸಮಿತಿಯೇ ಇರಲಿಲ್ಲ. ಪದಕಕ್ಕೆ ಮಾತ್ರ ಎಲ್ಲರ ಬಳಿಯೂ ಸಮಿತಿ ಇತ್ತು, ಸ್ವಾಗತ ಸಮಿತಿ.

ಕೌಂಟರಿನ ಮೇಡಂಗೆ ಬೋರ್ಡು ತೋರಿಸಿ, “ಇದರ ಅಧ್ಯಕ್ಷೆ ಯಾರು ಮೇಡಂ?” ಅಂದೆ.

“ನಾನೇ ಸಾರ್. ಬೋರ್ಡು ಬಂದ ದಿನ ನನಗೂ ಗೊತ್ತಾಗಿದ್ದು. ಹೆಂಗಸರಲ್ಲಿ ಸೀನಿಯರ್ ಅಂತ ನನ್ನ ಹೆಸರು ಹಾಕಿದ್ದಾರೆ.”

“ದೂರು ಬಂದಿದೆಯಾ?”

“ಇಲ್ಲ ಸಾರ್. ವರ್ಷ ವರ್ಷ ನಿಲ್ ರಿಪೋರ್ಟ್ ಹೋಗುತ್ತೆ. ಸಾಹೇಬರು ಹೇಳ್ತಾರೆ, ನಮ್ಮಲ್ಲೆಲ್ಲ ಒಂದೇ ಫ್ಯಾಮಿಲಿ ಥರ ಅಂತ.”

ಫ್ಯಾಮಿಲಿ ಒಳಗೆ ಏನಾಗುತ್ತದೆ ಅಂತ ನೋಡಿಯೇ 2005ರಲ್ಲಿ ಕೌಟುಂಬಿಕ ದೌರ್ಜನ್ಯದ ಕಾಯ್ದೆ ಮಾಡಿದ್ದು ಅಂತ ಹೇಳಲಿಲ್ಲ. “ಸಾಹೇಬರ ಮೇಲೇ ದೂರು ಬಂದರೆ?” ಅಂತ ಕೇಳಿದೆ.

ಮೇಡಂ ಆ ಕಡೆ ಈ ಕಡೆ ನೋಡಿ, ಸಣ್ಣಗೆ ನಕ್ಕರು. “ನನ್ನ ಸಿಆರ್ ಬರೆಯೋರು ಅವರೇ ಅಲ್ವಾ ಸಾರ್?”

ಸಿಆರ್ ಅಂದರೆ ನೌಕರರ ಕೆಲಸದ ಬಗ್ಗೆ ಮೇಲಿನವರು ಬರೆಯುವ ಗೋಪ್ಯ ವರದಿ. ಮೇಡಂ ಹೇಳಿದ ಆ ಒಂದು ಮಾತು ಸೀಡಾದ ಯಾವ ವಿಧಿಯಲ್ಲೂ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಪ್ರತಿ ದೇಶ ವಿಶ್ವಸಂಸ್ಥೆಯ ಸಮಿತಿಗೆ ವರದಿ ಒಪ್ಪಿಸಬೇಕು. ಅಲ್ಲಿ 23 ಜನ ತಜ್ಞರು ಕೂತಿರುತ್ತಾರೆ. ನಮ್ಮವರು ಎರಡನೇ ವರದಿ, ಮೂರನೇ ವರದಿ ಒಟ್ಟಿಗೆ ಕೊಟ್ಟರು. ಆಮೇಲೆ ನಾಲ್ಕು, ಐದು ಒಟ್ಟಿಗೆ ಕೊಟ್ಟರು. ಇಂಜಿನಿಯರಿಂಗ್ ಹುಡುಗರು ಬ್ಯಾಕ್ ಪೇಪರ್ ಬರೆಯುವ ಹಾಗೆ. ಆ ವರದಿಗಳಲ್ಲಿ ಕಾಯ್ದೆಗಳ ಪಟ್ಟಿ ಇರುತ್ತದೆ, ಮೇಡಂ ಆ ಕಡೆ ಈ ಕಡೆ ನೋಡಿದ್ದು ಇರುವುದಿಲ್ಲ.

ಪಟ್ಟಿ ಉದ್ದವಿದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) ಒಪ್ಪಂದವನ್ನು 1958ರಲ್ಲಿ ಅನುಮೋದಿಸಿದೆವು, ಕಾಯ್ದೆ 1976ರಲ್ಲಿ ಬಂತು. ಕೂಲಿ ಇನ್ನೂ ಬರುತ್ತಲೇ ಇದೆ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಸೀಟು ಕೊಡುವ ಮಸೂದೆ ಮೊದಲು ಬಂದದ್ದು 1996ರಲ್ಲಿ, ಪಾಸಾದದ್ದು 2023ರಲ್ಲಿ. ಪಾಸಾದ ಕಾಯ್ದೆಯಲ್ಲೇ ಬರೆದರು, ಜನಗಣತಿ ಆಗಲಿ, ಕ್ಷೇತ್ರ ಮರುವಿಂಗಡಣೆ ಆಗಲಿ, ಆಮೇಲೆ ಸೀಟು. ಇಂದು ನಗದು ನಾಳೆ ಸಾಲ ಅಂತ ಅಂಗಡಿಯಲ್ಲಿ ಬರೆದಿರುತ್ತಲ್ಲ, ಅದನ್ನು ಸಂವಿಧಾನಕ್ಕೆ ಸೇರಿಸಿದ್ದು ಇದೇ ಮೊದಲಿರಬೇಕು.

ಇನ್ನೊಂದಿದೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ಸುಸ್ತಾಗಿ ಬಿಟ್ಟಿದ್ದೇನೆ. ಬ್ರಿಟಿಷರ ಗುಲಾಮಗಿರಿಯ ಗುರುತು ಅಳಿಸುತ್ತೇವೆ ಅಂತ 1860ರ ದಂಡ ಸಂಹಿತೆ ತೆಗೆದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ತಂದರು. ಅತ್ಯಾಚಾರದ ಕಲಂ 63ರ ಕೆಳಗೆ ಹಳೆಯ ವಿನಾಯಿತಿ ಹಾಗೇ ಬಂದು ಕೂತಿದೆ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ. ಬ್ರಿಟಿಷರು ತಮ್ಮ ಮನೆಯಲ್ಲಿ ಈ ವಿನಾಯಿತಿಯನ್ನು 1991ರಲ್ಲೇ ಬಿಸಾಕಿದರು. ಸೀಡಾ ಸಮಿತಿ 2014ರಲ್ಲಿ ನಮಗೆ ತೆಗೆಯಿರಿ ಅಂತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ, ಮದುವೆಯೊಳಗೆ ನಡೆದದ್ದನ್ನು ಅತ್ಯಾಚಾರ ಅಂತ ಶಿಕ್ಷಿಸುವುದು ಅತಿ ಕಠಿಣ ಆಗಬಹುದು ಅಂತ ಬರೆದುಕೊಟ್ಟಿತು. ಯಾರಿಗೆ ಕಠಿಣ? ರಾತ್ರಿ ಬಾಗಿಲು ಹಾಕಿದ ಮೇಲೆ ಏನು ನಡೆಯುತ್ತದೆ ಅಂತ ಆ ಅಫಿಡವಿಟ್ ಟೈಪ್ ಮಾಡಿದವರಿಗೂ ಗೊತ್ತು, ಸಹಿ ಹಾಕಿದವರಿಗೂ ಗೊತ್ತು, ನಿಮಗೂ ಗೊತ್ತು, ನನಗೂ ಗೊತ್ತು. ಮದುವೆ ಬರೆದುಕೊಳ್ಳಿ ಅಂದರೆ ದೇಶ ವಿಶಾಲ. ಮದುವೆಯೊಳಗಿನ ಹೆಂಗಸನ್ನು ಕಾಪಾಡಿ ಅಂದರೆ ಮದುವೆ ಪವಿತ್ರ. ಸಾಕಪ್ಪ.

ಮೂರೂವರೆಗೆ ಸರ್ವರ್ ಬಂತು. ಅಷ್ಟರಲ್ಲಿ ಮೇಲಿನಿಂದ ಫೋನು. ಎಲ್ಲ ಕಚೇರಿಯವರೂ ಸಮಿತಿ ಬೋರ್ಡಿನ ಫೋಟೋ ಐದು ಗಂಟೆಯೊಳಗೆ ಗ್ರೂಪಿಗೆ ಹಾಕಬೇಕಂತೆ. ನನ್ನ ಮದುವೆ ಬಿಟ್ಟು ಮೇಡಂ ಎದ್ದರು. ಅಟೆಂಡರ್ ಬಂದು ನೀರಿನ ಕ್ಯಾನ್ ಪಕ್ಕಕ್ಕೆ ಎಳೆದ. ಬೋರ್ಡು ಒರೆಸಿದ. ‘ವರ್ಗಾವಣೆ’ ಚೀಟಿ ಕಿತ್ತ, ಹಳೆಯ ಸದಸ್ಯೆ ವಾಪಸ್ ಬಂದರು. ಸುಮ್ಮನಿರಲಾರದೆ ನಾನು, “ಆ ನಂಬರಿಗೆ ಒಂಬತ್ತೇ ಅಂಕಿ ಇದೆಯಪ್ಪ” ಅಂದೆ.

ಅವನು ಬೆರಳಿಟ್ಟು ಎಣಿಸಿದ. ಮೇಡಂ ಮುಖ ನೋಡಿದ. ಮೇಡಂಗೆ ಆ ನಂಬರ್ ಗೊತ್ತಿರಲಿಲ್ಲ. ಜೇಬಿನಿಂದ ಮಾರ್ಕರ್ ತೆಗೆದು, ಕೊನೆಯಲ್ಲಿ ದುಂಡಗೆ ಒಂದು ಸೊನ್ನೆ ಬರೆದ.

“ಹತ್ತಾಯ್ತಲ್ಲ ಸಾರ್.”

ಫೋಟೋ ಚೆನ್ನಾಗಿ ಬಂತು. ಕ್ಯಾನ್ ಮತ್ತೆ ಅದರ ಜಾಗಕ್ಕೆ ತಳ್ಳಿದ.